ಮದರಂಗಿ ಹತ್ತದ ಕೈ

ಮೊನ್ನೆ ನನ್ನ ಮಗಳು ಶೇಂಗಾ ಚಟ್ನಿಯ ಮಿಕ್ಸರ್ ಜಾರಿನಲ್ಲಿ ಮದರಂಗಿ ಎಲೆ ತುಂಬಿ ಗರಗರ ತಿರುಗಿಸಿಬಿಟ್ಟಳು. ಮೂರು ದಿನ ನಮ್ಮ ಮನೆಯ ಚಟ್ನಿಯೆಲ್ಲ ಮದರಂಗಿ ನಾರಿತು. ಬೈದೆ, ತಿಕ್ಕಿದೆ, ಲಿಂಬೆ ಹೋಳು ಹಾಕಿ ತಿಕ್ಕಿದೆ, ಮತ್ತೊಮ್ಮೆ ಬೈದೆ. ಬ್ಲೇಡಿನ ಸಂದಿಯಲ್ಲಿ ಕೂತ ಆ ವಾಸನೆ ಮಾತ್ರ ಹೋಗಲೊಲ್ಲದು. ಹೋಯಿತೋ ಇಲ್ಲವೋ ನೋಡೋಣವೆಂದು ಜಾರನ್ನು ಮೂಗಿಗೆ ಹಿಡಿದವಳು ಒಲೆಯ ಮುಂದೆ ಹಾಗೇ ನಿಂತುಬಿಟ್ಟೆ. ಒಗ್ಗರಣೆ ಸೀದುಹೋಯಿತು.

ಅಂಗಡಿಯ ಮದರಂಗಿ ಕೋನಿಗೆ ಈ ವಾಸನೆ ಇರುವುದಿಲ್ಲ. ಅದು ಸೀಮೆಎಣ್ಣೆಯ ಹಾಗೆ ಮೂಗಿಗೆ ಹೊಡೆಯುತ್ತದೆ, ಹಚ್ಚಿದ ಹೊತ್ತಿಗೇ ಕೈ ಕಪ್ಪು ಮಾಡುತ್ತದೆ, ನಾಲ್ಕು ದಿನಕ್ಕೆ ಹಳೆ ಸುಣ್ಣದಂತೆ ಹಕ್ಕಳಿಕೆ ಏಳುತ್ತದೆ. ಗಿಡದ ಎಲೆ ಅರೆದರೆ ಅದರಲ್ಲಿ ಹಸಿ ಹುಲ್ಲು, ಹುಣಸೆಹಣ್ಣು, ತೊಯ್ದ ಕಲ್ಲು ಎಲ್ಲ ಸೇರಿದ ಒಂದು ವಾಸನೆ. ನನ್ನ ಮಟ್ಟಿಗೆ ಅದು ಹದಿನಾರು ವರ್ಷದ ಹಿಂದಿನ ಒಂದು ಶ್ರಾವಣದ ವಾಸನೆ. ನನ್ನ ಅತ್ತೆ ಗಂಗವ್ವನವರ ಕೈಯ ವಾಸನೆಯೂ ಹೌದು.

ನನ್ನ ತವರು ಅಸಂಗಿ, ಕೊಟ್ಟದ್ದು ಸೋನ್ಯಾಳಕ್ಕೆ. ಎರಡೂ ಗಡಿಯಾಚೆಯ ಜತ್ತ ತಾಲೂಕಿನವೇ, ಎರಡೂ ಕಡೆ ಅದೇ ಜೋಳ, ಅದೇ ಕಲ್ಲುಹೊಲ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಶ್ರಾವಣವೆಂದರೆ ಜಡಿಮಳೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆವು. ನಮ್ಮಲ್ಲಿ ಶ್ರಾವಣವೆಂದರೆ ಗಾಳಿ. ಮೋಡಗಳು ತಲೆಯ ಮೇಲೆ ಹಾದು ಬೇರೆ ಯಾರದೋ ಊರಿಗೆ ಬೀಗತನಕ್ಕೆ ಹೋಗುತ್ತವೆ, ದಾರಿಯಲ್ಲಿ ನಮಗೆ ನಾಲ್ಕು ಹನಿ ಉದುರಿಸಿದರೆ ಅದೇ ಉಪಕಾರ. ಗುಡ್ಡದ ಮೇಲಿನ ಪವನಚಕ್ಕಿಗಳು ಹಗಲೆಲ್ಲ ತಿರುಗುತ್ತವೆ, ಒಗೆದು ಹಾಕಿದ ಸೀರೆ ಓಣಿ ದಾಟಿ ಹೋಗುತ್ತದೆ. ಅಂಥ ಗಾಳಿಯಲ್ಲಿ ನನಗೆ ಮೈ ನಡುಗುತ್ತಿತ್ತು. ಉಳಿದವರಿಗೆ ಹಾಯ್ ಎನಿಸುವ ತಂಪು ನನಗೊಬ್ಬಳಿಗೇ ಚಳಿ.

ಅದಕ್ಕೆ ಕಾರಣ ನನಗೆ ಗೊತ್ತಿತ್ತು, ನನ್ನ ಅವ್ವನಿಗೂ ಗೊತ್ತಿತ್ತು. ತಿಂಗಳು ತಿಂಗಳು ಎಂಟೊಂಬತ್ತು ದಿನ ನನಗೆ ಮುಟ್ಟು ನಿಲ್ಲುತ್ತಿರಲಿಲ್ಲ. ಲಗ್ನದ ಹಿಂದಿನ ದಿನ ಟ್ರಂಕಿನಲ್ಲಿ ಸೀರೆ ಮಡಚಿಡುತ್ತ ಅವ್ವ ತಲೆ ಎತ್ತದೆಯೇ ಹೇಳಿದ್ದಳು: "ಅಲ್ಲಿ ಯಾರ ಮುಂದೂ ಬಾಯಿ ಬಿಡಬ್ಯಾಡ ಸುನಂದಾ. ಜಡ್ಡಿನ ಹುಡುಗೀನ ಮುಚ್ಚಿ ಕೊಟ್ಟಾರ ಅಂದ್ರ ತಿರುಗಿ ತಂದ ಬಿಟ್ಟ ಹೋಗತಾರ. ನಿನ್ನ ಹಿಂದ ಇನ್ನೂ ತಂಗಿ ಅದಾಳ." ನಾನು ಹೂಂ ಅಂದೆ. ನಮ್ಮ ಮಂದಿಯಲ್ಲಿ ಮುಟ್ಟಾದವರನ್ನು ಹೊರಗೆ ಕೂಡಿಸುವ ಪದ್ಧತಿ ಇಲ್ಲ, ಹಾಗಾಗಿ ದಿನ ಎಷ್ಟಾದವೆಂದು ಎಣಿಸುವವರು ಯಾರೂ ಇರಲಿಲ್ಲ. ನಮ್ಮನೆಯವರು ದಾಳಿಂಬೆಯ ಟೆಂಪೋ ಹೊಡೆದುಕೊಂಡು ವಾರದಲ್ಲಿ ನಾಲ್ಕು ದಿನ ಊರ ಹೊರಗೇ. ಮುಚ್ಚಿಡುವುದು ಸಲೀಸಾಯಿತು.

ಸಲೀಸು ಅಂದೆ, ಆದರೆ ಮೈ ಕೇಳಬೇಕಲ್ಲ! ಟಾಕಿಯಿಂದ ಎರಡು ಕೊಡ ನೀರು ಹೊತ್ತು ಬರುವಾಗ ಕಣ್ಣು ಕತ್ತಲೆ ಬರುತ್ತಿತ್ತು. ರಸ್ತೆಯ ಬದಿಗೆ ಕೊಡ ಇಳಿಸಿ ಕೂತು, ಯಾರಾದರೂ ಬಂದರೆ ಚಪ್ಪಲಿಯ ಉಂಗುಟ ಕಿತ್ತಿದೆ ಅನ್ನುತ್ತಿದ್ದೆ. ಒಂದು ವರ್ಷದಲ್ಲಿ ನನ್ನ ಚಪ್ಪಲಿ ಎಷ್ಟು ಸಲ ಕಿತ್ತಿತೆಂದರೆ, ಅತ್ತೆ ಜತ್ತಿನ ಸಂತೆಯಿಂದ ಹೊಸ ಜೋಡು ತಂದು ಮುಂದೆ ಒಗೆದರು. "ತೊಗೊ. ಇವೂ ಕಿತ್ತರ ಬರಿಗಾಲಲೆ ಅಡ್ಡಾಡು" ಅಂದರು. ಅವರ ಪ್ರೀತಿ ಯಾವಾಗಲೂ ಬೈಗುಳದ ಜೋಡಿಯಲ್ಲೇ ಬರುತ್ತಿತ್ತು. ಬೈಗುಳ ಒಂದೇ ನನಗೆ ಆಗ ಕೇಳಿಸುತ್ತಿದ್ದುದು.

ಇನ್ನು ಮದರಂಗಿಯ ಮಾತು. ಮದುವೆಯಾದ ಮೊದಲ ವರ್ಷ ಆಷಾಢದಿಂದ ನಾಗರ ಪಂಚಮಿಯ ತನಕ ಸೊಸೆ ತವರಿನಲ್ಲೇ ಇರುತ್ತಾಳೆ, ಅವ್ವನೇ ಮದರಂಗಿ ಹಚ್ಚುತ್ತಾಳೆ. ಎರಡನೆಯ ವರ್ಷದಿಂದ ಆ ಕೆಲಸ ಅತ್ತೆಯದು. ಅಣ್ಣ ಕರೆಯಲು ಬರುವ ಮೊದಲು ಅತ್ತೆ ಕೈಯಾರೆ ಹಚ್ಚಿ, ಕೆಂಪೇರಿಸಿ ಕಳಿಸಬೇಕು. ತವರಿನ ಓಣಿಯ ಹೆಂಗಸರು ಮೊದಲು ನೋಡುವುದೇ ಅಂಗೈ. ಬಣ್ಣ ಗಾಢವಾಗಿದ್ದರೆ ಅತ್ತೆ ಒಳ್ಳೆಯವಳು, ತೆಳ್ಳಗಿದ್ದರೆ ಅತ್ತೆಗೆ ಸೊಸೆಯ ಮೇಲೆ ಮನಸ್ಸಿಲ್ಲ. ಇಷ್ಟೇ ನ್ಯಾಯ, ಸಾಕ್ಷಿ ಗೀಕ್ಷಿ ಏನೂ ಬೇಡ. ನಾಲ್ಕು ಊರಿನಲ್ಲಿ ಮರ್ಯಾದೆಯಿಂದ ಬಾಳಿದ ಗಂಗವ್ವನವರಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಆ ಎರಡನೆಯ ವರ್ಷ ಪಂಚಮಿಗೆ ಹದಿನೈದು ದಿನ ಇರುವಾಗ ಹಿತ್ತಲಿನ ಗಿಡದ ಎಲೆ ಹಿರಿದು ತಂದು, ಹುಣಸೆಹಣ್ಣು ಹಾಕಿ ಕಲ್ಲಿನಲ್ಲಿ ಅರೆದರು. ಮಧ್ಯಾಹ್ನದ ಊಟ ಮುಗಿಸಿ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡರು. ನನಗೆ ಮದರಂಗಿ ಪುಸ್ತಕದಲ್ಲಿ ನೋಡಿದ ನವಿಲಿನ ಚಿತ್ತಾರ ಬೇಕಿತ್ತು. ಅತ್ತೆ ಕಸಬರಿಗೆ ಕಡ್ಡಿ ಅದ್ದಿಕೊಂಡು, "ನವಿಲ ಬ್ಯಾಡ ಗಿವಿಲ ಬ್ಯಾಡ. ಕೈ ಚಾಚು" ಅಂದರು. ಅಂಗೈ ನಡುವೆ ಚಂದ್ರನಂಥ ದುಂಡನೆಯ ಬೊಟ್ಟು, ಸುತ್ತ ಸಣ್ಣ ಚುಕ್ಕಿ, ಬೆರಳ ತುದಿಗೆಲ್ಲ ಟೊಪ್ಪಿಗೆ. ಅವರ ಅತ್ತೆ ಅವರಿಗೆ ಹಚ್ಚಿದ್ದು ಅದನ್ನೇ, ಅವರಿಗೆ ಬರುತ್ತಿದ್ದದ್ದೂ ಅದೊಂದೇ.

ಒಣಗಿದ ಮೇಲೆ ಕೆರೆದು ನೋಡಿದರೆ ಅಂಗೈಯಲ್ಲಿ ಸಾರಿನ ಕಲೆಯಂಥ ಒಂದು ತೆಳು ಹಳದಿ. ಅತ್ತೆ ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿದರು. ಅಷ್ಟರಲ್ಲಿ ಮಗ್ಗುಲು ಮನೆಯ ಕಸ್ತೂರವ್ವ ಮೊಸರಿಗೆ ಹೆಪ್ಪು ಕೇಳುವ ನೆವದಿಂದ ಬಂದವಳು ಕೈ ನೋಡಿಯೇಬಿಟ್ಟಳು.

"ಗಂಗವ್ವಕ್ಕಾ, ಸೊಸಿ ಮ್ಯಾಲ ನಿನ್ನ ಪ್ರೀತಿ ಎಷ್ಟ ಐತಿ ಅಂತ ಊರಿಗೇ ಗೊತ್ತಾತ ಬಿಡು!"

"ಎಲಿ ಎಳೀವು ಇದ್ದೂ" ಅಂದರು ಅತ್ತೆ.

"ಹೂಂ ಹೂಂ. ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ."

ಹೆಪ್ಪು ಸಿಗಲಿಲ್ಲ ಕಸ್ತೂರವ್ವನಿಗೆ. ಆದರೆ ಅವಳ ಮಾತು ಅತ್ತೆಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ನಾಲ್ಕು ದಿನ ಬಿಟ್ಟು ಊರಾಚೆಯ ತೋಟದ ಬೇಲಿಯಿಂದ ಬಲಿತ ಎಲೆ ತಂದರು. ಈ ಸಲ ಚಹಾದ ಕಷಾಯ, ಲಿಂಬೆ, ಕಾಚು ಎಲ್ಲ ಬಿತ್ತು. ಲವಂಗ ಹುರಿದು ಅದರ ಹೊಗೆಯ ಮೇಲೆ ನನ್ನ ಕೈ ಹಿಡಿಸಿದರು. ಬಣ್ಣ ಮತ್ತೆ ಅಷ್ಟೇ. "ನೀ ಲಗೂನ ತೊಳಕೊಂಡಿ! ನನ್ನ ಮಾನ ಕಳೀಬೇಕಂತ ಬೇಕಂತಲೇ ತೊಳಕೊಂಡಿ!" ಎಂದು ಕೂಗಾಡಿದರು. ನಾನು ತೊಳೆದುಕೊಂಡಿರಲಿಲ್ಲ. ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ, ಅಲ್ಲಿಂದ ಎದ್ದಾಗ ಗೋಡೆ ಹಿಡಿದುಕೊಂಡೇ ಎದ್ದೆ.

ಮೂರನೆಯ ಸಲ ಅವರು ಮಾಡಿದ್ದು ಗಂಗವ್ವನವರೇ ಮಾಡಬಹುದಾದ ಕೆಲಸ. ಒಂದೇ ಬಟ್ಟಲಿನ ಮದರಂಗಿಯನ್ನು ನನ್ನ ಎಡ ಅಂಗೈಗೂ ತಮ್ಮ ಎಡ ಅಂಗೈಗೂ ಹಚ್ಚಿದರು. "ಒಂದ ಎಲಿ, ಒಂದ ಹೊತ್ತು. ಯಾರದ ತಪ್ಪು ಅನ್ನೂದು ಇವತ್ತ ಗೊತ್ತಾಗ್ಲಿ" ಅಂದು, ನಾನು ಏಳದಂತೆ ನನ್ನ ಬಲಗೈಯನ್ನು ತಮ್ಮ ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತರು. ಹೊರಗೆ ಗಾಳಿ ಬಾಗಿಲನ್ನು ದಬದಬ ಬಡಿಯುತ್ತಿತ್ತು. ಅವರು ಬೈಯುತ್ತಲೇ ಇದ್ದರು. ನನಗೆ ನಿದ್ದೆ ಜೋಂಪು ಹತ್ತಿತು. ಎಷ್ಟೋ ಹೊತ್ತಾದ ಮೇಲೆ ಅವರ ದನಿ ಬೇರೆ ತರಹ ಕೇಳಿತು.

"ಏ ಹುಡುಗಿ, ನಿನ್ನ ಕೈ ಎದಕ ಇಷ್ಟ ತಣ್ಣಗ ಅದಾವ? ಎರಡ ತಾಸಾತು ಹಿಡಕೊಂಡ ಕುಂತು, ನನ್ನ ಬಿಸಿನೂ ಹತ್ತವಲ್ದು."

ಅವರು ನನ್ನ ಉಗುರು ಒತ್ತಿ ನೋಡಿದರು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ಬಾಗಿಲ ಬೆಳಕಿಗೆ ಮುಖ ತಿರುಗಿಸಿದರು. ಎರಡೂ ಅಂಗೈ ಕೆರೆದಾಗ ಅವರದು ಹಣ್ಣಾದ ಮೆಣಸಿನಕಾಯಿಯ ಕೆಂಪು, ನನ್ನದು ಅದೇ ತೆಳು ಹಳದಿ. ಗೆದ್ದವರ ಮುಖ ಅವರದಾಗಿರಲಿಲ್ಲ. "ನಾಳಿ ಮುಂಜಾನಿ ಎಸ್ಟಿ ಬಸ್ಸಿಗೆ ಜತ್ತಿಗೆ ಹೋಗೂದು" ಅಂದರು, ಎದ್ದು ಹೋಗಿ ರೊಟ್ಟಿಗೆ ಹಿಟ್ಟು ಕಲಸತೊಡಗಿದರು.

ಜತ್ತಿನ ದವಾಖಾನೆಯಲ್ಲಿ ರಕ್ತ ತೆಗೆದರು. ಚೀಟಿ ನೋಡಿದ ಡಾಕ್ಟರಬಾಯಿ ಕನ್ನಡಕ ತೆಗೆದು ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು. ಇರಬೇಕಾದ ರಕ್ತದಲ್ಲಿ ಅರ್ಧವೂ ಇಲ್ಲ, ಈಕೆ ನಡೆದಾಡುತ್ತಿರುವುದೇ ದೊಡ್ಡದು, ಸೊಸೆಗೆ ಹೊಟ್ಟೆಗೆ ಹಾಕುತ್ತೀರೋ ಇಲ್ಲವೋ ಎಂದು ಮರಾಠಿಯಲ್ಲಿ ಕೇಳಿದರು. ಸಣ್ಣ ದನಿಯಲ್ಲೇನೂ ಅಲ್ಲ. ಬಾಗಿಲ ಹೊರಗಿನ ಸಾಲಿನಲ್ಲಿ ನಿಂತವರೆಲ್ಲ ಕತ್ತು ಉದ್ದ ಮಾಡಿದರು. ಕಸ್ತೂರವ್ವನಂಥವಳ ಒಂದು ಮಾತಿಗೆ ನಾಲ್ಕು ಮಾತು ಹಚ್ಚಿ ಕೊಡುವ ಗಂಗವ್ವ ಅವತ್ತು ಬೈಸಿಕೊಂಡು, ಸೆರಗಿನಿಂದ ಹಣೆ ಒರೆಸಿಕೊಂಡು, "ಕೆಂಪ ಏರವಲ್ದು ಅಂತ ನೋಡಿದೆರಿ ಬಾಯಿ" ಎಂದು ಮದರಂಗಿಯ ಸುದ್ದಿ ಹೇಳಿದರು. ಮದರಂಗಿ ತೆಳ್ಳಗಾಗಲು ಹತ್ತು ಕಾರಣ, ಅದು ರೋಗದ ಗುರುತು ಅಂತೇನಲ್ಲ ಎಂದರು ಡಾಕ್ಟರಬಾಯಿ. ಆಮೇಲೆ ತುಸು ಮೆತ್ತಗಾಗಿ, ಎರಡು ತಾಸು ಕೈ ಹಿಡಿದು ಕೂತಿರಲ್ಲ, ಅದು ಒಳ್ಳೆಯದಾಯಿತು ಅಂದರು.

ನಾನು ಅಲ್ಲಿ ಬಾಯಿ ಬಿಡಬಹುದಿತ್ತು. ಅವರು ಹೊಟ್ಟೆ ತುಂಬ ಹಾಕುತ್ತಾರೆ, ತಪ್ಪು ನನ್ನದು ಅನ್ನಬಹುದಿತ್ತು. ಅನ್ನಲಿಲ್ಲ. ಈ ಒಂದು ವಿಷಯಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಅತ್ತೆ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗೆ ಕೊಟ್ಟರು. "ತಿನ್ನು ಮೊದಲ" ಅಂದರು. ತುತ್ತು ಬಾಯಿಗಿಡುವಷ್ಟರಲ್ಲಿ ನನಗೆ ದುಃಖ ಉಕ್ಕಿ ಬಂತು. ಎಲ್ಲ ಹೇಳಿಬಿಟ್ಟೆ. ತಿಂಗಳಿಗೆ ಎಂಟೊಂಬತ್ತು ದಿನ, ಸುಳ್ಳು ಚಪ್ಪಲಿ, ಅವ್ವ ಟ್ರಂಕಿನ ಮುಂದೆ ಹೇಳಿದ್ದು, ಎಲ್ಲ. "ನನ್ನ ಅಸಂಗಿಗೆ ಬಿಟ್ಟ ಬರಬ್ಯಾಡ್ರಿ ಅತ್ತಿ, ನನ್ನ ತಂಗಿ ಲಗ್ನ ಆಗೂದೈತ್ರಿ" ಎಂದು ಅವರ ಸೆರಗು ಹಿಡಿದುಕೊಂಡೆ.

ಅತ್ತೆ ಇನ್ನೊಂದು ರೊಟ್ಟಿ ಮುರಿದು ಚಟ್ನಿ ಹಚ್ಚತೊಡಗಿದರು. ಈಗ ಅವ್ವನನ್ನು ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ನಾನು ಕಾದೆ.

"ನಿಮ್ಮವ್ವ ಅಂಜ್ಯಾಳ" ಅಂದರು ಕೊನೆಗೆ. "ಹೆಣ್ಣ ಹಡದಾಕಿ ಅಂಜದ ಏನ ಮಾಡ್ಯಾಳು? ನಾನೂ ಅಂಜಿದ್ದೆ. ನಮ್ಮ ಮಾದೇವಿಗೆ ಎಡಗಿವಿ ಕೇಳಸಂಗಿಲ್ಲ. ನಿನ್ನ ಗಂಡಗ ನನಗ ಬಿಟ್ರ ಯಾರಿಗೂ ಗೊತ್ತಿಲ್ಲ. ಮುಚ್ಚಿ ಕೊಟ್ಟೆ. ಕರದ್ರ ಓ ಅನ್ನಂಗಿಲ್ಲ, ಸೊಕ್ಕಿನಾಕಿ ಅಂತ ನಾಕ ವರ್ಷದಿಂದ ಅಲ್ಲಿ ಬೈಸಿಕೊಳ್ಳಾಕತ್ತಾಳ."

ಮಾದೇವಿ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು, ಕೊಟ್ಟದ್ದು ದರಿಬಡಚಿಗೆ. ನಮ್ಮ ಮನೆಗೆ ಬಂದಾಗಲೆಲ್ಲ ಅವಳು ಯಾಕೆ ಗೋಡೆಗೆ ಎಡಗಡೆ ಒತ್ತಿ ಕೂರುತ್ತಾಳೆ ಎಂಬುದು ನನಗೆ ಆಗ ತಿಳಿಯಿತು.

ಪಂಚಮಿಗೆ ಎರಡು ದಿನ ಇರುವಾಗ ನನ್ನಣ್ಣ ಬಸಪ್ಪ ಕೊಬ್ಬರಿ ಗಿಟುಕು, ಕುಪ್ಪಸದ ಬಟ್ಟೆ ಹಿಡಿದುಕೊಂಡು ಕರೆಯಲು ಬಂದ. ಅವತ್ತೇ ಕಸ್ತೂರವ್ವನಿಗೂ ನಮ್ಮ ಮನೆಯಲ್ಲಿ ಕೆಲಸ ಬಿತ್ತು. ನಾನು ಗಂಟು ಕಟ್ಟಿಟ್ಟಿದ್ದೆ. ಅತ್ತೆ ಅಣ್ಣನಿಗೆ ನೀರು ಕೊಟ್ಟು, ಎದುರಿಗೆ ಕೂತು, ಒಂದೇ ಮಾತಿನಲ್ಲಿ ಮುಗಿಸಿದರು.

"ಈ ವರ್ಷ ಸುನಂದಾನ ಕಳಸಂಗಿಲ್ಲಪ್ಪ."

ಅಣ್ಣನ ಮುಖ ಸಣ್ಣದಾಯಿತು. "ಯಾಕ್ರಿ ಅತ್ತಿ, ಏನರ ತಪ್ಪಾತೇನ್ರಿ?"

"ಆಕಿ ಕೈ ನೋಡು. ನಾನ ಹಚ್ಚೀನಿ, ಮೂರ ಸಲ ಹಚ್ಚೀನಿ, ಹತ್ತಿಲ್ಲ. ಮೈಯಾಗ ರಕ್ತ ಇಲ್ಲ. ಗುಳಗಿ ನಡದಾವ. ಹೊತ್ತಹೊತ್ತಿಗೆ ನುಂಗಸೂದು, ಉಣಸೂದು ನಾನ ಮಾಡಬೇಕು. ಅಲ್ಲಿ ಹೋಗಿ ಜೋಕಾಲಿ ಆಡಿ ತಲಿ ತಿರುಗಿ ಬಿದ್ರ?" ಕಸ್ತೂರವ್ವ ಬಾಯಿ ತೆರೆಯುವ ಮೊದಲೇ ಅವಳ ಕಡೆ ತಿರುಗಿದರು. "ಹೌದವಾ, ಬಣ್ಣ ಹತ್ತಿಲ್ಲ. ಊರಾಗ ಡಂಗರಾ ಸಾರಿ ಬಾ, ಹೋಗು." ಆಮೇಲೆ ಅಣ್ಣನಿಗೆ ಮೆಲ್ಲಗೆ ಅಂದರು: "ನಿಮ್ಮವ್ವಗ ಹೇಳು, ಎಲ್ಲಾ ಗೊತ್ತಾಗೇತಿ, ಅಂಜಬ್ಯಾಡ ಅಂದಾಳ ಗಂಗವ್ವ ಅಂತ."

ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ತಿರುಗಿ ಕಳಿಸಿಬಿಡುತ್ತಾರೆಂದು ಅಂಜಿ ಸತ್ತಿದ್ದೆ, ಈಗ ಹಬ್ಬಕ್ಕೂ ಕಳಿಸುವುದಿಲ್ಲವಂತೆ! ಅಣ್ಣನ ಬೈಕು ಓಣಿ ದಾಟಿದ ಮೇಲೆ ಜೋಳದ ಕಣಗದ ಮರೆಗೆ ಹೋಗಿ ಕಣ್ಣೀರು ಹಾಕಿದೆ. ಅವರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವ ಬುದ್ಧಿ ನನಗಿನ್ನೂ ಬಂದಿರಲಿಲ್ಲ. ರಾಜಗಿರಿ ಪಲ್ಯ, ಹುರಳಿ ಕಟ್ಟು, ಬೆಲ್ಲ ಶೇಂಗಾ, ಗುಳಿಗೆ ನುಂಗಲು ಲಿಂಬೆ ನೀರು. ದಿನವೂ ನನ್ನ ಮುಂದೆ ನಿಂತು ಗಂಟಲು ಇಳಿಯುವ ತನಕ ನೋಡುತ್ತಿದ್ದರು. ಟಾಕಿಯ ನೀರು ತಾವೇ ಹೊತ್ತರು. ನಮ್ಮನೆಯವರಿಗೆ ನನ್ನೆದುರೇ, "ನಿನ್ನ ಹೇಣ್ತಿ ಏನ ನುಂಗತಾಳ, ಏನ ಉಣತಾಳ, ಒಮ್ಮೆರ ಕೇಳೀ? ದಾಳಿಂಬ್ರಿಗೆ ಡಾಗ ಬಿದ್ರ ಮಾತ್ರ ಎದಿ ಬಡಕೋತಿ" ಎಂದು ಚೆನ್ನಾಗಿ ಕೊಟ್ಟರು. ಆರು ತಿಂಗಳು ಔಷಧಿ ನಡೆಯಿತು. ಮುಟ್ಟು ಸರಿಯಾಯಿತು, ಮೈ ತುಂಬಿತು, ಮುಂದೆ ಎರಡು ಮಕ್ಕಳಾದವು. ಹೆತ್ತವಳು ಪ್ರೀತಿಯಿಂದ ಮುಚ್ಚಿಟ್ಟದ್ದನ್ನು ಈಕೆ ಪ್ರೀತಿಯಿಂದಲೇ ಬಯಲು ಮಾಡಿದಳು. ಇಬ್ಬರಿಗೂ ನನ್ನ ಶರಣು, ಆದರೆ ಇವತ್ತು ನಾನು ಉಸಿರಾಡುತ್ತಿರುವುದು ಎರಡನೆಯವಳ ದೆಸೆಯಿಂದ.

ಆ ವರ್ಷದ ಹಬ್ಬಕ್ಕೆ ಮಾದೇವಿ ಬಂದಳು. ರೊಟ್ಟಿ ಪಂಚಮಿ, ಉಂಡಿ, ಅಳ್ಳಿಟ್ಟು, ಜೋಕಾಲಿ, ಎಲ್ಲ ಆಯಿತು. ಮರಳಿ ಹೋಗುವ ದಿನ ಯಾವಾಗಲೂ ನಮ್ಮನೆಯವರೇ ಬಿಟ್ಟು ಬರುತ್ತಿದ್ದರು. ಈ ಸಲ ಅತ್ತೆ ಒಗೆದ ಸೀರೆ ಉಟ್ಟು ಟೆಂಪೋದ ಮುಂದೆ ಬಂದು ನಿಂತರು. "ನಾನ ಬಿಟ್ಟ ಬರತೀನಿ. ಏ ಸುನಂದಾ, ನೀನೂ ನಡಿ" ಅಂದರು. ನಮ್ಮನೆಯವರು ಟೆಂಪೋ ಹೊಡೆದರೆ, ಅತ್ತೆ ಮಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಬಿಚ್ಚಿ ಬಿಚ್ಚಿ ಕಟ್ಟಿದರು.

ದರಿಬಡಚಿಯಲ್ಲಿ ಮಾದೇವಿಯ ಅತ್ತೆ ಬಾಗಿಲಿಗೆ ಬಂದರು. "ಬರ್ರಿ ಬರ್ರಿ, ಕುಂದ್ರಿ. ಅಯ್ಯ, ಬೀಗತಿ ತಾವ ಬಂದಾರ!" ಎಂದು ಚಾಪೆ ಹಾಸಿದರು. ಮಾದೇವಿ ಗಂಟು ಇಟ್ಟು ನೇರ ಒಲೆಯ ಕಡೆ ಹೋಗಿ, ಎಡಮಗ್ಗುಲು ನಮ್ಮ ಕಡೆ ಮಾಡಿ ಕೂತು ಉರಿ ಊದತೊಡಗಿದಳು. "ಮಾದೇವಿ, ನೀರ ತಾ" ಎಂದು ಅವಳ ಅತ್ತೆ ಕೂಗಿದರು. ಮತ್ತೊಮ್ಮೆ ಕೂಗಿದರು. ಅವಳು ತಲೆ ಎತ್ತಲಿಲ್ಲ. "ನೋಡ್ರಿ, ನಿಮ್ಮ ಕಣ್ಣ ಮುಂದನ. ಸೊಕ್ಕ ಅಲ್ಲೇನ್ರಿ ಇದು?"

"ಸೊಕ್ಕಲ್ರಿ ಅಕ್ಕಾರ" ಅಂದರು ನನ್ನ ಅತ್ತೆ. "ಆಕಿಗೆ ಎಡಗಿವಿ ಕೇಳಸಂಗಿಲ್ರಿ. ಸಣ್ಣಾಕಿದ್ದಾಗ ಕಿವಿ ಸೋರತಿತ್ತು, ಹಂಗ ಹೋತು. ಲಗ್ನ ತಪ್ಪೀತು ಅಂತ ಅಂಜಿ ನಾನ ಮುಚ್ಚಿ ಕೊಟ್ಟೆ. ಬಾಯಿ ಬಿಡಬ್ಯಾಡ ಅಂತ ಆಕಿಗೆ ಆಣಿ ಹಾಕಿದ್ದೆ. ಬೈಯೂದಿದ್ರ ನನಗ ಬೈರಿ. ಮಗಳನ್ನ ಒಯ್ಯಿ ಅಂದ್ರ ಒಯ್ತೀನಿ. ಖರೆ ಆಕಿಗೆ ಸೊಕ್ಕಿನಾಕಿ ಅನ್ನಬ್ಯಾಡ್ರಿ."

ಒಲೆಯ ಮುಂದಿನವಳಿಗೆ ಇದಾವುದೂ ಕೇಳಿರಲಿಲ್ಲ, ಊದುತ್ತಲೇ ಇದ್ದಳು. ನನ್ನ ಅತ್ತೆ ನೆಲ ನೋಡುತ್ತ ಕೂತಿದ್ದರು. ಅವರ ಕೈ ಹಿಡಿದುಕೊಂಡೆ, ಅವತ್ತು ತಣ್ಣಗಿದ್ದದ್ದು ಅವರ ಕೈ.

"ನಾಕ ವರ್ಷಾತಲ್ರಿ" ಅಂದರು ಬೀಗತಿ.

"ಹೂಂನ್ರಿ."

"ನಾಕ ವರ್ಷ ನಾ ಆಕಿಗೆ..." ಅಂದವರು ಮೊಣಕಾಲಿಗೆ ಕೈಯೂರಿ ಎದ್ದರು. ಅಡುಗೆಮನೆಗೆ ಹೋಗಿ, ಒಲೆಯನ್ನು ಸುತ್ತಿ ಬಳಸಿ, ಸೊಸೆಯ ಬಲಗಡೆಗೆ ಬಂದು ಕುಕ್ಕುರುಗಾಲಲ್ಲಿ ಕೂತರು.

"ಮಾದೇವಿ, ನಿಮ್ಮವ್ವಗ ಚಾ ಇಡವಾ" ಅಂದರು, ಮೆಲ್ಲಗೆ.

"ಹೂಂನ್ರಿ ಅತ್ತಿ" ಅಂದಳು ಮಾದೇವಿ, ಒಂದೇ ಮಾತಿಗೆ.